ಜೆರಾಲ್ಡ್‌ಟನ್‌ನ ಹಳೇ ಮರದ ದೋಣಿಗಳು, ಕ್ರೇ ಬೋನುಗಳು: ಗೊತ್ತಿದ್ದವರು ಬರೆಯಿರಿ

ಕುಂದಾಪ್ರ_ಡೀಸೆಲ್:
ಪಶ್ಚಿಮ ಆಸ್ಟ್ರೇಲಿಯಾದ ಮರದ ಕ್ರೇ ದೋಣಿಗಳ ಬಗ್ಗೆ ಗೊತ್ತಿದ್ದದ್ದನ್ನು ಕನ್ನಡದಲ್ಲಿ ಬರೆದಿಡೋಣ ಅಂತ ಶುರು ಮಾಡುತ್ತಿದ್ದೇನೆ. ನಾನು ಕುಂದಾಪುರದ ಕಡೆಯವನು. ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ಕೆಲಸ ಕಲಿತೆ. ಎಂಬತ್ತರ ದಶಕದ ಕೊನೆಗೆ ಜೆರಾಲ್ಡ್‌ಟನ್‌ಗೆ ಬಂದೆ. ಪರ್ತ್‌ನಿಂದ ಉತ್ತರಕ್ಕೆ ಸುಮಾರು 420 ಕಿ.ಮೀ. ದೂರದ ಬಂದರು ಊರು ಇದು. ಅಂದಿನಿಂದ ಕ್ರೇ ದೋಣಿಗಳ ಇಂಜಿನ್ ರಿಪೇರಿಯೇ ನನ್ನ ಹೊಟ್ಟೆಪಾಡು.

ಗೊತ್ತಿಲ್ಲದವರಿಗೆ: ಇಲ್ಲಿ ಕ್ರೇ ಅನ್ನುವುದು ಕಡಲ ಬಂಡೆ ಸಾಲಿನಲ್ಲಿ ಸಿಗುವ ಮುಳ್ಳು ಲಾಬ್‌ಸ್ಟರ್. ಏಡಿಯ ಹಾಗೆ ದೊಡ್ಡ ಇಕ್ಕಳದ ಕೈ ಇರುವುದಿಲ್ಲ. ಉದ್ದ ಮೀಸೆ, ಬೆನ್ನ ಮೇಲೆಲ್ಲ ಮುಳ್ಳು. ಎತ್ತಿಕೊಂಡರೆ ಮೀಸೆಯ ಬುಡ ಉಜ್ಜಿ ಕಿರ್ರೋ ಅಂತ ಕೂಗುತ್ತದೆ, ಬಾಲ ಪಟಪಟ ಬಡಿಯುತ್ತದೆ. ಗ್ಲೌಸ್ ಇಲ್ಲದೆ ಹಿಡಿದರೆ ಕೈ ರಕ್ತ.

ನಾನು ಬಂದಾಗಲೇ ಫೈಬರ್, ಅಲ್ಯೂಮಿನಿಯಂ ದೋಣಿಗಳು ಜಾಸ್ತಿ ಆಗಿದ್ದವು. ಆದರೂ ಮರದ ದೋಣಿಗಳು ಸಾಕಷ್ಟಿದ್ದವು. ಹೆಚ್ಚಿನವು ಜರಾ ಮರದವು. ಈ ರಾಜ್ಯದ ನೈಋತ್ಯ ಕಾಡಿನ ಮರ ಅದು. ಕೆಂಪು ಬಣ್ಣ, ವಿಪರೀತ ಭಾರ, ಗಟ್ಟಿ. ಹಲಗೆಯ ಅಂಚಿಗೆ ಅಂಚು ಕೂಡಿಸಿ, ನಡುವಿನ ಸಂದಿಗೆ ಹತ್ತಿ ಬಡಿದು, ಮೇಲೆ ಪುಟ್ಟಿ ತುಂಬಿ ಕಟ್ಟುತ್ತಿದ್ದರು. ಗಂಗೊಳ್ಳಿಯಲ್ಲಿ ನೋಡಿದ್ದ ಕೆಲಸವೇ, ಮರ ಮಾತ್ರ ಬೇರೆ.

ಇಂಜಿನ್ ರೂಮಿಗೆ ಇಳಿದರೆ ಡೀಸೆಲ್, ಹಳೇ ಮರ, ಕೊಳೆತ ಇರೆಯ (ಬೋನಿಗೆ ಆಸೆಗೆ ಹಾಕುವ ತಿನಿಸು) ನೀರು, ಎಲ್ಲ ಸೇರಿ ಒಂದು ವಾಸನೆ. ಹಳೇ ಗಾರ್ಡ್ನರ್ ಇಂಜಿನ್ ಇದ್ದರೆ ನನಗೆ ಹಬ್ಬ. ನಿಧಾನಕ್ಕೆ ತಿರುಗುವ ಇಂಜಿನ್. ಕಿವಿಗೊಟ್ಟರೆ ಯಾವ ಸಿಲಿಂಡರ್ ಸರಿಯಿಲ್ಲ ಅಂತ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ವೇಗ ಕಡಿಮೆ, ಏಳೆಂಟು ನಾಟ್ ಅಷ್ಟೆ, ಅಂದರೆ ಗಂಟೆಗೆ 13–15 ಕಿ.ಮೀ. ಈಗಿನ ಅಲ್ಯೂಮಿನಿಯಂ ದೋಣಿ ಇಪ್ಪತ್ತು ದಾಟುತ್ತದೆ.

ಆ ದೋಣಿಗಳಲ್ಲಿ ದುಡಿದವರು, ಕಟ್ಟಿದವರು, ಅಥವಾ ನಮ್ಮೂರ ಮರದ ಬೋಟುಗಳ ಒಡನಾಟ ಇದ್ದವರು ಬರೆಯಿರಿ. ಆ ದೋಣಿ ಓಡಿಸಿದ ತಂಡೇಲರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಜೊತೆ ಕೆಲಸದ ವಿವರವೂ ಹೋಗಬಾರದು.

ಶಿವಮೊಗ್ಗ_ಟು_ಪರ್ತ್:
ಅಣ್ಣ, ಒಳ್ಳೆ ವಿಷಯ. ನಾನು ಪರ್ತ್‌ನಲ್ಲಿ ಐಟಿ ಕೆಲಸದವನು. ಮಲೆನಾಡಿನವನಿಗೆ ಕಡಲು ಹೊಸದು. ಪಕ್ಕದ ಫ್ರೀಮ್ಯಾಂಟಲ್ ಬಂದರಿನಲ್ಲಿ ಬೋಟಿನವರ ಹತ್ತಿರವೇ ನೇರವಾಗಿ ಕ್ರೇ ತಗೊಂಡಿದ್ದೀನಿ. ಆದರೆ ಹಿಡಿಯೋದು ಹೇಗೆ ಅಂತ ಸರಿಯಾಗಿ ಗೊತ್ತಿಲ್ಲ. ಬಲೆ ಹಾಕ್ತಾರಾ?

ಕುಂದಾಪ್ರ_ಡೀಸೆಲ್:
ಬಲೆ ಇಲ್ಲ ತಮ್ಮ. ಬೋನು. ಇಲ್ಲಿ ಪಾಟ್ ಅನ್ನುತ್ತಾರೆ.

ಹಳೇ ಬೋನುಗಳಲ್ಲಿ ಎರಡು ನಮೂನೆ. ಒಂದು ಬೆತ್ತ ಬಗ್ಗಿಸಿ ಹೆಣೆದದ್ದು. ನೋಡಲು ನಮ್ಮಲ್ಲಿ ಕೋಳಿ ಮುಚ್ಚುವ ಪಂಜರದ ಹಾಗಿರುತ್ತದೆ. ಇನ್ನೊಂದು ಮರದ ಪಟ್ಟಿ ಬಡಿದು ಮಾಡಿದ ಪೆಟ್ಟಿಗೆ. ಎರಡಕ್ಕೂ ಮೇಲ್ಗಡೆ ಒಂದು ಕುತ್ತಿಗೆ. ಕ್ರೇ ಅದರಲ್ಲಿ ಒಳಗೆ ಇಳಿಯುತ್ತದೆ, ಹೊರಗೆ ಬರಲು ತಿಳಿಯುವುದಿಲ್ಲ. ತಳಕ್ಕೆ ಭಾರ, ಬದಿಯಲ್ಲಿ ಹಗ್ಗ, ಹಗ್ಗದ ತುದಿಗೆ ತೇಲುವ ಬುರುಡೆ. ಬುರುಡೆಗೆ ದೋಣಿಯ ಗುರುತು.

ಇರೆಗೆ ಮೀನಿನ ತಲೆ ಹಾಕುತ್ತಾರೆ. ಹಳಬರು ದನದ ಚರ್ಮ, ಕಾಲಿನ ಗಂಟು ಕೂಡ ಹಾಕುತ್ತಿದ್ದರು. ಮೀನು ಬೇಗ ಕರಗುತ್ತದೆ, ಚರ್ಮ ಹಾಗಲ್ಲ, ಸುಮಾರು ಹೊತ್ತು ತಡೆಯುತ್ತದೆ. ಕ್ರೇ ಹಗಲು ಬಂಡೆಯ ಪೊಟರೆಯಲ್ಲಿ ಅಡಗಿ, ರಾತ್ರಿ ಮೇಯಲು ಹೊರಡುವ ಪ್ರಾಣಿ. ಹಾಗಾಗಿ ಬೋನು ರಾತ್ರಿಯಿಡೀ ಕೆಳಗಿರಬೇಕು. ಬೆಳಕು ಹರಿಯುವ ಮೊದಲೇ ದೋಣಿ ಹೊರಡುತ್ತದೆ. ಕಲಾಸಿ (ದೋಣಿಯ ಕೆಲಸದಾಳು) ಕೊಕ್ಕೆ ಹಾಕಿ ಬುರುಡೆ ಹಿಡಿಯುತ್ತಾನೆ, ಹಗ್ಗವನ್ನು ಅದನ್ನು ಎಳೆಯುವ ಯಂತ್ರಕ್ಕೆ, ಅಂದರೆ ವಿಂಚಿಗೆ, ಸುತ್ತುತ್ತಾನೆ. ಬೋನು ಬದಿಗೆ ಬಂದ ಕೂಡಲೇ ಬಾಗಿಲು ತೆಗೆದು ಕೊಡವುತ್ತಾನೆ.

ಆಮೇಲೆ ಅಳತೆ. ಪ್ರತಿಯೊಬ್ಬ ಕಲಾಸಿಯ ಕೈಯಲ್ಲೂ ಲೋಹದ ಗೇಜು ಇರುತ್ತಿತ್ತು. ಕಣ್ಣಿನ ಮೇಲಿನ ಕೊಂಬಿನ ನಡುವಿನಿಂದ ಬೆನ್ನಿನ ಚಿಪ್ಪು ಮುಗಿಯುವವರೆಗೆ 76 ಮಿ.ಮೀ. ಗೇಜು ಚಿಪ್ಪಿನ ಮೇಲಿಂದ ಜಾರಿದರೆ ಆ ಕ್ರೇ ಸಣ್ಣದು, ವಾಪಸ್ ನೀರಿಗೆ. ಹೊಟ್ಟೆಯ ಕೆಳಗೆ ಮೊಟ್ಟೆ ಹೊತ್ತ ಹೆಣ್ಣಾದರೆ ಎಷ್ಟೇ ದೊಡ್ಡದಿರಲಿ ವಾಪಸ್. ಒಳ್ಳೆ ಕಲಾಸಿಗೆ ನೂರಕ್ಕೆ ತೊಂಬತ್ತು ಗೇಜು ಬೇಕಾಗುತ್ತಿರಲಿಲ್ಲ, ಕಣ್ಣಳತೆಯಲ್ಲೇ ಗೊತ್ತಾಗುತ್ತಿತ್ತು. ಅನುಮಾನ ಇದ್ದದ್ದಕ್ಕೆ ಮಾತ್ರ ಗೇಜು. ಉಳಿಸಿಕೊಂಡದ್ದನ್ನು ಒದ್ದೆ ಗೋಣಿಚೀಲಕ್ಕೆ ತುಂಬಿ ನೆರಳಿಗೆ ಇಡುತ್ತಿದ್ದರು. ಪ್ಲಾಸ್ಟಿಕ್ ಬುಟ್ಟಿ, ನೀರು ಚಿಮುಕಿಸುವ ಟ್ಯಾಂಕು ಬಂದದ್ದು ಆಮೇಲೆ.

ಒಮ್ಮೊಮ್ಮೆ ಬೋನು ಎತ್ತಿದರೆ ಒಳಗೆ ಖಾಲಿ ಚಿಪ್ಪು, ಮೂಲೆಯಲ್ಲಿ ಒಂದು ಆಕ್ಟೋಪಸ್! ರಾತ್ರಿ ನುಗ್ಗಿ ಕ್ರೇಗಳನ್ನು ಹೀರಿ ಮುಗಿಸಿರುತ್ತದೆ. ತಂಡೇಲನ ಬಾಯಲ್ಲಿ ಆಗ ಬರುತ್ತಿದ್ದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಗಂಗೊಳ್ಳಿ_ಬಡಗಿಮನೆ:
ಮಾರಾಯ್ರೆ, ಓದಿ ಖುಷಿಯಾಯಿತು. ನಮ್ಮ ಅಜ್ಜ, ಅಪ್ಪ ಇಬ್ಬರೂ ದೋಣಿ ಕಟ್ಟುವವರು. ನಿಮ್ಮ ಜರಾಕ್ಕೆ ನಮ್ಮಲ್ಲಿ ಹೆಬ್ಬಲಸು ಇತ್ತು. ಸಣ್ಣ ದೋಣಿಗೆ ಮಾವು. ಅಜ್ಜನ ಕಾಲದ ದೋಣಿಗಳಿಗೆ ಮೊಳೆಯೇ ಇರಲಿಲ್ಲ. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಅಲೆಗೆ ದೋಣಿ ಸ್ವಲ್ಪ ಬಳುಕುತ್ತದೆ, ದಡಕ್ಕೆ ಬಡಿದರೂ ಒಡೆಯುವುದಿಲ್ಲ. ಮೈಗೆ ಮೀನೆಣ್ಣೆ ಬಳಿಯುತ್ತಿದ್ದರು. ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು ಮಡಲಿನ ಚಪ್ಪರದ ಕೆಳಗೆ ಇಡುತ್ತಿದ್ದರು. ಆ ಎಣ್ಣೆಯ ವಾಸನೆ ನಮ್ಮ ಅಂಗಳದಲ್ಲಿ ವರ್ಷವಿಡೀ.

ಅಪ್ಪನ ಕಾಲಕ್ಕೆ ಟ್ರಾಲ್ ಬೋಟು, ಅಂದರೆ ಹಿಂದೆ ಬಲೆ ಎಳೆದುಕೊಂಡು ಹೋಗುವ ಬೋಟು. ಮೊಳೆ, ಬೋಲ್ಟು, ಒಳಗೆ ಇಂಜಿನ್. ಆಮೇಲೆ ಮೀನಿನ ಹಿಂಡಿಗೇ ಸುತ್ತ ಬಲೆ ಹಾಕುವ ಪರ್ಸೀನ್ ಬೋಟು ಬಂತು. ಎಪ್ಪತ್ತರ ದಶಕದ ಕೊನೆಗೆ ರಂಪಣಿ ನಿಂತೇ ಹೋಯಿತು. ಊರಿಡೀ ಸೇರಿ ದಡದಿಂದ ಎಳೆಯುತ್ತಿದ್ದ ಬಲೆ ಅದು. ಅದರ ದೊಡ್ಡ ದೋಣಿಗಳು ದಡದಲ್ಲೇ ಬಿಸಿಲಿಗೆ ಬಿರಿದು ಹೋದವು. ಕೆಲವನ್ನು ಸೌದೆಗೆ ಕಡಿದರು. ಅಜ್ಜ ಆ ಕಡೆ ಹೋಗುವುದನ್ನೇ ಬಿಟ್ಟಿದ್ದರಂತೆ.

ನಿಮ್ಮಲ್ಲಿ ಹಲಗೆ ಬಗ್ಗಿಸುವುದು ಹೇಗೆ? ನಮ್ಮಲ್ಲಿ ಬೆಂಕಿ ತೋರಿಸಿ, ನೀರು ಎರಚಿ, ಭಾರ ಕಟ್ಟಿ ಬಗ್ಗಿಸುತ್ತಿದ್ದರು.

ಕುಂದಾಪ್ರ_ಡೀಸೆಲ್:
ಇಲ್ಲಿ ಹಬೆ ಪೆಟ್ಟಿಗೆ. ಉದ್ದನೆಯ ಮರದ ಪೆಟ್ಟಿಗೆಯೊಳಗೆ ಹಲಗೆ ಇಟ್ಟು ಹಬೆ ಬಿಡುವುದು. ದಪ್ಪ ಇಂಚಿಗೆ ಒಂದು ಗಂಟೆ ಅಂತ ಲೆಕ್ಕ. ಹೊರತೆಗೆದ ಮೇಲೆ ಕೆಲವೇ ನಿಮಿಷ ಟೈಮು. ಅಷ್ಟರಲ್ಲಿ ದೋಣಿಯ ಪಕ್ಕೆಲುಬಿಗೆ (ಹಲಗೆ ಹಿಡಿದಿಡುವ ಒಳಗಿನ ಬಾಗಿದ ಮರ) ಒತ್ತಿ ಬಿಗಿಯಬೇಕು. ನಾಲ್ಕು ಜನ ಓಡಿಕೊಂಡು ಮಾಡುವ ಕೆಲಸ. ಜರಾ ತುಂಬ ಹಟದ ಮರ. ಅವಸರ ಮಾಡಿದರೆ ಠಸ್ ಅಂತ ಸೀಳುತ್ತದೆ.

ಫ್ರೀಮ್ಯಾಂಟಲ್ ಕಡೆಯ ಮೀನುಗಾರರಲ್ಲಿ ಇಟಲಿಯಿಂದ ಬಂದವರು ಬಹಳ. ಮೊಲ್ಫೆಟ್ಟಾ, ಕಾಪೊ ದೊರ್ಲಾಂದೊ ಊರುಗಳವರು. ಅಲ್ಲಿ ದೋಣಿಗಳಿಗೆ ಆಶೀರ್ವಾದ ಮಾಡಿಸುವ ಮೆರವಣಿಗೆ 1948ರಿಂದ ನಡೆದುಕೊಂಡು ಬಂದಿದೆ. ಮೇರಿ ಮಾತೆಯ ಮೂರ್ತಿ ಹೊತ್ತು ಬಂದರಿಗೆ ಬರುತ್ತಾರೆ, ಸಿಂಗರಿಸಿದ ದೋಣಿಗಳು ಸಾಲಾಗಿ ನಿಂತಿರುತ್ತವೆ. ನಮ್ಮ ಕಡೆಯ ಸಮುದ್ರ ಪೂಜೆ ನೋಡಿದವರಿಗೆ ಅದು ಹೊಸದು ಅನ್ನಿಸುವುದೇ ಇಲ್ಲ.

ಜೆರಾಲ್ಡ್‌ಟನ್_ಸಿಸ್ಟರ್:
ನಾನು ಇಲ್ಲಿ ಸುಮಾರು ವರ್ಷದಿಂದ ನರ್ಸ್. ಮೂಲ ಉಡುಪಿ. ಡೀಸೆಲ್ ಅಣ್ಣ, ಮರದ ಬಗ್ಗೆ ಬರೆದಿರಿ, ಮನುಷ್ಯರ ಕೈ ಬಗ್ಗೆಯೂ ಬರೆಯಬೇಕು.

ಹಳೇ ಕ್ರೇ ಮೀನುಗಾರರ ಕೈ ನೋಡಿದರೆ ಸಾಕು, ಅವರ ಕಸುಬು ಗೊತ್ತಾಗುತ್ತದೆ. ಬೆರಳಿನ ಗೆಣ್ಣು ದಪ್ಪ. ಅಂಗೈಯಲ್ಲಿ ಮುಳ್ಳು ಚುಚ್ಚಿ ಒಳಗೇ ಮುರಿದು ಉಳಿದ ಗಂಟುಗಳು. ವಿಂಚಿನ ಹಗ್ಗಕ್ಕೆ ಸಿಕ್ಕಿ ಬೆರಳಿನ ತುದಿ ಹೋದವರು ಇದ್ದಾರೆ. ಹಗ್ಗ ಕಾಲಿಗೆ ಸುತ್ತಿಕೊಂಡು ಬೋನಿನ ಜೊತೆ ನೀರಿಗೆ ಬೀಳುವುದು ಎಲ್ಲಕ್ಕಿಂತ ದೊಡ್ಡ ಭಯ. ಅದಕ್ಕೇ ಎಷ್ಟೋ ಜನ ಸೊಂಟದಲ್ಲಿ ಚಾಕು ಇಟ್ಟುಕೊಂಡೇ ಇರುತ್ತಿದ್ದರು. ಇನ್ನು ಬಿಸಿಲು. ಕಿವಿ, ಮೂಗು, ತುಟಿಯ ಚರ್ಮದ ಕ್ಯಾನ್ಸರ್ ಕತ್ತರಿಸಿದ ಗುರುತಿಲ್ಲದ ಮುದುಕ ತಂಡೇಲರು ಅಪರೂಪ.

ನನಗೆ ಅವರ ಹೆಂಡತಿಯರ ಮಾತು ಕೇಳುವುದು ಇನ್ನೂ ಇಷ್ಟ. ಜೆರಾಲ್ಡ್‌ಟನ್‌ನಿಂದ ಪಶ್ಚಿಮಕ್ಕೆ ಅಬ್ರೋಲೋಸ್ ದ್ವೀಪಗಳಿವೆ. 122 ದ್ವೀಪ, ದಡದಿಂದ ಸುಮಾರು 60 ಕಿ.ಮೀ. ಮಾರ್ಚ್ 15ರಿಂದ ಜೂನ್ ಕೊನೆಯವರೆಗೆ ಅಲ್ಲಿ ಕ್ರೇ ಸೀಸನ್ ಇರುತ್ತಿತ್ತು. ಆಗ ಇಡೀ ಸಂಸಾರ ದ್ವೀಪಕ್ಕೆ. ತಗಡಿನ ಮನೆ, ಮುಂದೆ ಒಂದು ಮರದ ಜೆಟ್ಟಿ. ಮಳೆನೀರೇ ಕುಡಿಯಲು. ಸಾಲದಿದ್ದರೆ ಸಾಮಾನು ಸಾಗಿಸುವ ದೋಣಿ ನೀರು, ತರಕಾರಿ, ಕಾಗದ ತರಬೇಕು. ಹೋಗುವಾಗ ಅದೇ ದೋಣಿ ಕ್ರೇ ತುಂಬಿಕೊಂಡು ಹೋಗುತ್ತಿತ್ತು. ಮಕ್ಕಳಿಗೆ ದ್ವೀಪದಲ್ಲೇ ಪುಟ್ಟ ಶಾಲೆ.

ಒಬ್ಬ ಅಜ್ಜಿ ಹೇಳಿದ್ದು: ಬೆಳಗಿನ ಜಾವ ಗಂಡ ಹೊರಟ ಮೇಲೆ ರೇಡಿಯೊ ಹಚ್ಚಿಟ್ಟು ಮನೆಗೆಲಸ ಮಾಡುತ್ತಿದ್ದರಂತೆ. ದೋಣಿಯವರು ಒಬ್ಬರಿಗೊಬ್ಬರು ಮಾತಾಡುವುದು ಕೇಳುತ್ತಿರಬೇಕು. ಗಂಡನ ದನಿ ಸುಮಾರು ಹೊತ್ತು ಕೇಳದಿದ್ದರೆ ಪಕ್ಕದ ಮನೆಯವಳ ಹತ್ತಿರ ಓಡುವುದು. ಹಿಟ್ಟು ನಾದುವ ಕೈಯಲ್ಲೇ ಓಡಿದ್ದೂ ಇದೆಯಂತೆ.

ಕಾರವಾರ_ಕಡಲು:
ನಮ್ಮ ಕಾರವಾರದಲ್ಲೂ ಶೇವಂಡ, ಅಂದರೆ ಲಾಬ್‌ಸ್ಟರ್, ಸಿಗುತ್ತದೆ. ದ್ವೀಪಗಳ ಸುತ್ತ ಕಲ್ಲು ಜಾಸ್ತಿ ಅಲ್ವಾ, ಅಲ್ಲಿ ಬಿಟ್ಟ ಬಲೆಗೆ ಸಿಕ್ಕಿಕೊಳ್ಳುತ್ತದೆ. ನಾನು ಸಣ್ಣವನಿದ್ದಾಗ ಅದನ್ನು ಬಲೆಯಿಂದ ಬಿಡಿಸುವುದೇ ದೊಡ್ಡ ಕೆಲಸ. ಮುಳ್ಳಿಗೆ ನೂಲು ಸುತ್ತಿಕೊಂಡು ಅರ್ಧ ಗಂಟೆ ಹೋಗುತ್ತಿತ್ತು. ಈಗ ಒಳ್ಳೆ ರೇಟಿದೆ, ಜೀವಂತ ಇದ್ದರೆ ಇನ್ನೂ ಜಾಸ್ತಿ. ಆದರೆ ಅಳತೆ ನೋಡಿ ವಾಪಸ್ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ. ಸಣ್ಣದು, ಮೊಟ್ಟೆಯದ್ದು, ಎಲ್ಲ ಬುಟ್ಟಿಗೆ. ಡೀಸೆಲ್ ಅಣ್ಣ ಬರೆದದ್ದು ಓದಿ ಹೊಟ್ಟೆ ಉರಿಯಿತು. ಅವರಿಗೆ ಸಾಧ್ಯವಾದದ್ದು ನಮಗೆ ಯಾಕಾಗಲಿಲ್ಲ?

ಮೀನುಶಾಸ್ತ್ರ_ಮಂಗಳೂರು:
ಇದಕ್ಕೆ ನಾನು ಸ್ವಲ್ಪ ಉತ್ತರ ಹೇಳಬಹುದು. ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು ನಾನು.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಿಯಮ ಒಂದೇ ದಿನ ಬಂದದ್ದಲ್ಲ. ಸಣ್ಣ ಕ್ರೇ ಹಿಡಿಯಬಾರದು ಅನ್ನುವ ಕಾನೂನು 1897ರಷ್ಟು ಹಿಂದಿನದು. ಆಗ ತೂಕದ ಲೆಕ್ಕ ಇತ್ತು, 12 ಔನ್ಸ್. ಅದೇ ಮುಂದೆ 76 ಮಿ.ಮೀ. ಆಯಿತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಡಬ್ಬಿಯಲ್ಲಿ ಕ್ರೇ ಮಾಂಸ ಕಳಿಸಿದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಾಲ ಮಾತ್ರ ಕತ್ತರಿಸಿ, ಹೆಪ್ಪುಗಟ್ಟಿಸಿ ಕಳಿಸುವ ವ್ಯಾಪಾರ ಜೋರಾಯಿತು. ದೋಣಿಗಳ ಸಂಖ್ಯೆ ಏರುತ್ತಾ ಹೋಯಿತು. ಆಗ, 1963ರಲ್ಲಿ, ಒಂದು ಗಟ್ಟಿ ತೀರ್ಮಾನ ಮಾಡಿದರು. ಹೊಸ ದೋಣಿಗೆ ಲೈಸೆನ್ಸ್ ಇಲ್ಲ. ಇದ್ದ ದೋಣಿಗೂ ಉದ್ದದ ಒಂದು ಅಡಿಗೆ ಮೂರು ಬೋನು, ಎಷ್ಟೇ ಉದ್ದದ ದೋಣಿಯಾದರೂ 200 ದಾಟುವಂತಿಲ್ಲ. ಜಗತ್ತಿನಲ್ಲೇ ಇಂಥ ಮಿತಿ ಮೊದಮೊದಲು ತಂದ ಮೀನುಗಾರಿಕೆಗಳಲ್ಲಿ ಇದೂ ಒಂದು. ಬೋನಿನ ಬದಿಯಲ್ಲಿ 54 ಮಿ.ಮೀ. ಸಂದಿ ಇರಲೇಬೇಕು ಅನ್ನುವ ನಿಯಮವೂ ಬಂತು. ಸಣ್ಣವು ಕಡಲ ತಳದಲ್ಲೇ ಅದರಿಂದ ಜಾರಿಕೊಳ್ಳುತ್ತವೆ. ಮೇಲೆ ತಂದು, ಬಿಸಿಲಿಗೆ ಒಡ್ಡಿ, ಕಾಲು ಮುರಿದು ವಾಪಸ್ ಎಸೆಯುವುದಕ್ಕಿಂತ ಇದು ಎಷ್ಟೋ ಮೇಲು. 2000ದಲ್ಲಿ ಸುಸ್ಥಿರ ಮೀನುಗಾರಿಕೆಯ ಎಂಎಸ್‌ಸಿ ಪ್ರಮಾಣಪತ್ರ ಜಗತ್ತಿನಲ್ಲೇ ಮೊದಲು ಸಿಕ್ಕಿದ್ದು ಇದಕ್ಕೆ.

ನಮ್ಮ ಕಥೆ ಬೇರೆ. ಮುಂಬೈ ಕಡಲಲ್ಲಿ ಚಪ್ಪಟೆ ಜಾತಿಯ ಲಾಬ್‌ಸ್ಟರ್ ಟ್ರಾಲ್ ಬಲೆಗೆ ಟನ್‌ಗಟ್ಟಲೆ ಬೀಳುತ್ತಿತ್ತು. 1994ರ ಹೊತ್ತಿಗೆ ಆ ಮೀನುಗಾರಿಕೆ ಕುಸಿದೇಹೋಯಿತು. ಭಾರತದಲ್ಲಿ ರಫ್ತಿಗೆ ಕನಿಷ್ಠ ತೂಕದ ಆದೇಶ ಬಂದದ್ದು 2003ರಲ್ಲಿ. ಒಂದೊಂದು ಜಾತಿಗೆ ಒಂದೊಂದು ತೂಕ. ಆದರೆ ಅದು ರಫ್ತಿನ ಬಾಗಿಲಲ್ಲಿ ತಡೆಯುತ್ತದೆ ಅಷ್ಟೆ. ಅಲ್ಲಿಗೆ ಬರುವಷ್ಟರಲ್ಲಿ ಪ್ರಾಣಿ ಸತ್ತಿರುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಸಲಕರಣೆಯದು. ಬೋನಿನಲ್ಲಿ ಸಿಕ್ಕಿದ್ದು ಜೀವಂತ ಇರುತ್ತದೆ, ಆರಿಸಿ ಬಿಡಬಹುದು. ಟ್ರಾಲ್ ಬಲೆಯಲ್ಲಿ ಗಂಟೆಗಟ್ಟಲೆ ಎಳೆದುಕೊಂಡು ಬಂದದ್ದನ್ನು ಬಿಟ್ಟರೂ ಬದುಕುವುದು ಕಷ್ಟ.

ಬ್ಲಫ್_ಭಟ್ಕಳ:
ನ್ಯೂಜಿಲ್ಯಾಂಡಿನ ದಕ್ಷಿಣ ತುದಿಯಿಂದ ಬರೆಯುತ್ತಿದ್ದೇನೆ. ಇಲ್ಲೂ ಕ್ರೇಗೆ ದೊಡ್ಡ ಇತಿಹಾಸ ಇದೆ, ಅದರಲ್ಲಿ ಚಾಥಮ್ ದ್ವೀಪಗಳ ಕಥೆ ಕೇಳಲೇಬೇಕು.

ನ್ಯೂಜಿಲ್ಯಾಂಡಿನಿಂದ ಪೂರ್ವಕ್ಕೆ ಸುಮಾರು 800 ಕಿ.ಮೀ. ದೂರದ ದ್ವೀಪಗಳು. ಅರವತ್ತರ ದಶಕದ ನಡುವಿನಲ್ಲಿ ಅಲ್ಲಿ ಕ್ರೇ ರಾಶಿ ಇದೆ ಅಂತ ಸುದ್ದಿಯಾಯಿತು. ದೇಶದ ಮೂಲೆಮೂಲೆಯಿಂದ ಮರದ ದೋಣಿಗಳು ಹೊರಟವು. ಎಷ್ಟೋ ದೋಣಿಗಳು ಆ ಕಡಲಿಗೆ ತಕ್ಕವೇ ಆಗಿರಲಿಲ್ಲ. ದಡದ ಹತ್ತಿರ ಓಡಾಡಲು ಕಟ್ಟಿದವು. ದಾರಿಯಲ್ಲಿ, ದ್ವೀಪದ ಬಂಡೆಗಳ ಮೇಲೆ ದೋಣಿಗಳು ಹೋದವು, ಜನರೂ ಹೋದರು. 1968ರಲ್ಲಿ ಸುಮಾರು 6,000 ಟನ್ ಹಿಡಿದರು. ಕೆಲವೇ ವರ್ಷದಲ್ಲಿ ಎಲ್ಲ ಕುಸಿಯಿತು. ಎಷ್ಟು ದೋಣಿ, ಎಷ್ಟು ಬೋನು, ಯಾವುದಕ್ಕೂ ತಡೆ ಇರಲಿಲ್ಲ. ಜೆರಾಲ್ಡ್‌ಟನ್‌ನವರು 1963ರಲ್ಲೇ ಬಾಗಿಲು ಹಾಕಿಕೊಂಡಿದ್ದರು. ಎರಡೂ ಒಂದೇ ದಶಕದಲ್ಲಿ ನಡೆದದ್ದು ನೋಡಿ.

ಇಲ್ಲಿ ಕ್ರೇಗೆ ಕೋಟಾ ಪದ್ಧತಿ, ಅಂದರೆ ವರ್ಷಕ್ಕೆ ಇಷ್ಟೇ ಹಿಡಿಯಬೇಕು ಅನ್ನುವ ಪಾಲು, ಬಂದದ್ದು 1990ರಲ್ಲಿ.

ಮಲ್ಪೆ_ಮೂರನೇ_ತಲೆಮಾರು:
ಎಲ್ಲರೂ ಮರದ ದೋಣಿ ಹೊಗಳುತ್ತಿದ್ದೀರಿ. ನಾನು ಅದರಲ್ಲಿ ದುಡಿದವನು, ನನ್ನ ಮಾತೂ ಕೇಳಿ.

ಮರದ ಬೋಟು ಅಂದರೆ ಪಂಪು ನಿಲ್ಲುವಂತಿಲ್ಲ. ರಾತ್ರಿ ಮಲಗಿದಾಗಲೂ ಕಿವಿ ಪಂಪಿನ ಕಡೆಗೇ. ಮೊಳೆಗೆ ತುಕ್ಕು ಹಿಡಿದು ಸುತ್ತಲಿನ ಮರ ಕರಗುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಒಂದು ದಿನ ಅಲೆಗೆ ಹಲಗೆ ಬಿಚ್ಚಿಕೊಂಡರೆ ಮುಗಿಯಿತು. ಮರ ಕೊರೆಯುವ ಕಡಲ ಹುಳ ಬೇರೆ. ಪ್ರತಿ ವರ್ಷ ರಜೆಯಲ್ಲಿ ಬೋಟು ಮೇಲೆಳೆದು, ಕೆರೆದು, ಹತ್ತಿ ಬಡಿದು, ಬಣ್ಣ ಹೊಡೆದು ಇಳಿಸುವಷ್ಟರಲ್ಲಿ ಸಾಲ ಇನ್ನೊಂದಿಷ್ಟು ಏರುತ್ತಿತ್ತು. ಈಗ ನನ್ನದು ಫೈಬರ್ ಬೋಟು. ಮಕ್ಕಳು ಅದರಲ್ಲಿ ಹೋದರೆ ನನಗೆ ನಿದ್ದೆ ಬರುತ್ತದೆ. ಮರದ ಬೋಟು ಮ್ಯೂಸಿಯಂನಲ್ಲಿ ಚೆಂದ.

ಗಂಗೊಳ್ಳಿ_ಬಡಗಿಮನೆ:
ಅಣ್ಣ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಒಳ್ಳೆ ಮರ, ಒಳ್ಳೆ ಮೊಳೆ, ಒಳ್ಳೆ ಕೆಲಸ ಇದ್ದ ಬೋಟು ಐವತ್ತು ವರ್ಷ ಬಾಳಿದ್ದನ್ನು ನಾನೇ ಕಂಡಿದ್ದೇನೆ. ಎಂಬತ್ತರ ದಶಕದಲ್ಲಿ ಬೇಡಿಕೆ ಏರಿದಾಗ ಹಸಿ ಮರದಲ್ಲೇ ಬೋಟು ಕಟ್ಟಿದರು. ಮರ ಒಣಗಲು ಒಂದು ವರ್ಷವಾದರೂ ಬಿಡಬೇಕಿತ್ತು. ಸೋರಿದ್ದು ಅವೇ. ಫೈಬರ್ ಬೋಟು ಹಳೆಯದಾದರೆ ಏನು ಮಾಡುತ್ತೀರಿ? ದಡದಲ್ಲೇ ಬಿದ್ದಿರುತ್ತದೆ, ಕೊಳೆಯುವುದೂ ಇಲ್ಲ, ಸುಟ್ಟರೆ ವಿಷದ ಹೊಗೆ.

ಮಲ್ಪೆ_ಮೂರನೇ_ತಲೆಮಾರು:
ಹಸಿ ಮರದ ಮಾತು ನಿಜ. ನಮ್ಮದೂ ಅಂಥದ್ದೇ ಬೋಟು ಆಗಿತ್ತು. ಆದರೂ ಜೀವಕ್ಕಿಂತ ಮರ ದೊಡ್ಡದಲ್ಲ ತಮ್ಮ. ಇದು ನನ್ನ ಮಾತು, ಬದಲಾಗುವುದಿಲ್ಲ.

ಕುಂದಾಪ್ರ_ಡೀಸೆಲ್:
ಮಲ್ಪೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇಲ್ಲೂ ಮರದ ದೋಣಿಗಳು ಬಂಡೆಗೆ ಬಡಿದು ಹೋದದ್ದು ಕಮ್ಮಿಯಲ್ಲ. ಅಬ್ರೋಲೋಸ್ ಬಂಡೆಗಳು ಹಳೇ ಕಾಲದಿಂದಲೂ ಅಪಾಯದವು. 1629ರಲ್ಲಿ ಡಚ್ಚರ ಬಟಾವಿಯಾ ಹಡಗು ಒಡೆದದ್ದು ಅಲ್ಲೇ. ಮುನ್ನೂರಕ್ಕೂ ಹೆಚ್ಚು ವರ್ಷ ಅದು ಎಲ್ಲಿದೆ ಅಂತ ಗೊತ್ತಿರಲಿಲ್ಲ. ಕೊನೆಗೆ 1963ರಲ್ಲಿ ಪತ್ತೆಯಾಯಿತು, ಜಾಗದ ಸುಳಿವು ಕೊಟ್ಟದ್ದು ಒಬ್ಬ ಕ್ರೇ ಮೀನುಗಾರ. ಆ ಬಂಡೆ ಸಾಲುಗಳನ್ನು ಅವರಷ್ಟು ಬಲ್ಲವರು ಯಾರೂ ಇರಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಬೇರೆ. ನಿಧಾನದ ದೋಣಿ ಇದ್ದಾಗ ಮೀನುಗಾರನ ತಿಳಿವಳಿಕೆಗೆ ಬೆಲೆ ಇತ್ತು. ಜಿಪಿಎಸ್ ಇರಲಿಲ್ಲ. ದಡದ ಮೇಲಿನ ಎರಡು ಗುರುತು ಒಂದೇ ಗೆರೆಗೆ ಬಂದರೆ ಬಂಡೆ ಇಲ್ಲಿದೆ ಅಂತ ಲೆಕ್ಕ. ಒಂದು ಮರಳ ದಿಬ್ಬ, ಒಂದು ಗೋಧಿ ಗೋದಾಮು, ಅಷ್ಟೆ. ಆ ಗುರುತು ಅಪ್ಪ ಮಗನಿಗೆ ಮಾತ್ರ ಹೇಳುತ್ತಿದ್ದ.

ನವೆಂಬರ್ ಕೊನೆಗೆ ಬಿಳಿ ಕ್ರೇ ನಡೆಯುವುದು ಅಂತ ಒಂದಿದೆ. ಪೊರೆ ಬಿಟ್ಟ ಎಳೆಯ ಕ್ರೇಗಳು ಮಾಸಲು ಬಣ್ಣಕ್ಕೆ ತಿರುಗಿ, ದಡದ ಬಂಡೆ ಬಿಟ್ಟು ಆಳದ ಕಡೆಗೆ ಗುಂಪು ಗುಂಪಾಗಿ ನಡೆದುಕೊಂಡು ಹೋಗುತ್ತವೆ. ಮರಳ ತಳದ ಮೇಲೆ, ಕಿಲೋಮೀಟರುಗಟ್ಟಲೆ. ಇಂದು ಎಲ್ಲಿವೆ, ನಾಳೆ ಎಲ್ಲಿರುತ್ತವೆ ಅಂತ ಊಹಿಸಿ ಅವುಗಳ ದಾರಿಗೆ ಅಡ್ಡ ಬೋನು ಇಡಬೇಕು. ತಪ್ಪಿದರೆ ಮರುದಿನ ಖಾಲಿ ಬೋನು. ನಿಧಾನದ ಮರದ ದೋಣಿಯವನು ತಪ್ಪು ಜಾಗಕ್ಕೆ ಹೋದರೆ ಆ ದಿನವೇ ಹೋಯಿತು. ಹಾಗಾಗಿ ನೀರಿನ ಬಣ್ಣ, ಅಲೆಯ ಎತ್ತರ, ನಿನ್ನೆಯ ಬೋನಿನಲ್ಲಿ ಯಾವುದರ ಚಿಪ್ಪು ಎಷ್ಟು ಮೆತ್ತಗಿತ್ತು, ಎಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ. ನಾನು ಕಂಡ ಒಬ್ಬ ತಂಡೇಲ ಬೋನಿನಿಂದ ತೆಗೆದ ಕ್ರೇಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮೆತ್ತಗಿದ್ದರೆ ಇನ್ನೂ ಎರಡು ಮೂರು ದಿನ ತಡೆದು ಹೊರಡುತ್ತವೆ ಅನ್ನುತ್ತಿದ್ದ. ಬೋನುಗಳನ್ನು ಅಲ್ಲೇ ಬಿಡುತ್ತಿದ್ದ, ಪಕ್ಕದ ದೋಣಿಯವರು ಎಲ್ಲಿಗೇ ಓಡಲಿ.

ಕಡಲ ತಳ ತೋರಿಸುವ ಬಣ್ಣದ ಎಕೋ ಸೌಂಡರ್, ಜಿಪಿಎಸ್, ವೇಗದ ಅಲ್ಯೂಮಿನಿಯಂ ದೋಣಿ ಬಂದ ಮೇಲೆ ಅದೇ ಬೋನುಗಳು ಜಾಸ್ತಿ ಹಿಡಿಯತೊಡಗಿದವು. ಸರ್ಕಾರ 1993ರಲ್ಲಿ ಬೋನುಗಳನ್ನು ನೂರಕ್ಕೆ 18ರಷ್ಟು ಕಡಿಮೆ ಮಾಡಬೇಕಾಯಿತು.

ಶಿವಮೊಗ್ಗ_ಟು_ಪರ್ತ್:
ಆಮೇಲೆ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಕೋಟಾ ಬಂದದ್ದು ಯಾಕೆ? ಇಷ್ಟೆಲ್ಲ ನಿಯಮ ಇದ್ದರೂ ಏನಾಯಿತು?

ಮೀನುಶಾಸ್ತ್ರ_ಮಂಗಳೂರು:
ಮರಿಗಳು ಬರುವುದು ಕಡಿಮೆಯಾಯಿತು. ಕ್ರೇಯ ಮರಿ ಹುಟ್ಟಿದ ಮೇಲೆ ಒಂಬತ್ತರಿಂದ ಹನ್ನೊಂದು ತಿಂಗಳು ಹಿಂದೂ ಮಹಾಸಾಗರದಲ್ಲಿ ತೇಲುತ್ತದೆ. ದಡದಿಂದ ನೂರಾರು ಕಿ.ಮೀ. ಆಚೆಗೂ ಹೋಗುತ್ತದೆ. ಕೊನೆಗೆ ಗಾಜಿನ ಹಾಗೆ ಪಾರದರ್ಶಕವಾದ ಒಂದು ರೂಪಕ್ಕೆ ತಿರುಗಿ, ದಡದ ಬಂಡೆಗೆ ಈಜಿ ಬರುತ್ತದೆ. ಅವನ್ನು ಎಣಿಸಲು ಕೃತಕ ಪಾಚಿಯ ಗೊಂಚಲುಗಳನ್ನು ನೀರಲ್ಲಿ ತೇಲಿ ಬಿಟ್ಟಿದ್ದಾರೆ. ಪ್ರತಿ ತಿಂಗಳು ಎತ್ತಿ, ಕೊಡವಿ, ಎಣಿಸುತ್ತಾರೆ. 1968ರಿಂದ ನಡೆದು ಬಂದ ಲೆಕ್ಕ ಅದು. ಮೂರು ನಾಲ್ಕು ವರ್ಷ ಮುಂದೆ ಎಷ್ಟು ಕ್ರೇ ಸಿಗುತ್ತದೆ ಅಂತ ಅದರಿಂದ ಹೇಳಬಹುದು. 2008–09ರಲ್ಲಿ ಆ ಎಣಿಕೆ ಹಿಂದೆಂದೂ ಇಲ್ಲದಷ್ಟು ಕೆಳಗೆ ಬಿತ್ತು.

ಕಡಲಲ್ಲಿ ದೊಡ್ಡ ಕ್ರೇಗಳು ಆಗಲೂ ಇದ್ದವು. ಕುಸಿಯುವ ಮೊದಲೇ ಬ್ರೇಕ್ ಹಾಕಿದರು. ವರ್ಷಕ್ಕೆ ಸರಾಸರಿ ಸುಮಾರು 11,000 ಟನ್ ಹಿಡಿಯುತ್ತಿದ್ದ ಕಡೆ 5,500ಕ್ಕೆ ಇಳಿಸಿದರು.

ಕುಂದಾಪ್ರ_ಡೀಸೆಲ್:
ಆ ನಿರ್ಧಾರ ಸರಿ ಅಂತಲೇ ನಾನು ಹೇಳುತ್ತೇನೆ. ಕ್ರೇ ಉಳಿಯಿತು. ಆದರೆ ಬಂದರಿಗೆ ಬಿದ್ದ ಹೊಡೆತವನ್ನೂ ಹೇಳಬೇಕು. ಕೋಟಾ ಬಂದ ಮೇಲೆ ಅದು ಮಾರಬಹುದಾದ, ಬಾಡಿಗೆಗೆ ಕೊಡಬಹುದಾದ ಆಸ್ತಿಯಾಯಿತು. ಒಂದು ದೋಣಿಯ ಸಣ್ಣ ಸಂಸಾರಗಳು ಮಾರಿ ಹೊರಬಿದ್ದವು. ದೋಣಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೊದಲು ಹೋದದ್ದು ಮರದ ದೋಣಿಗಳು. 2013ರಿಂದ ವರ್ಷವಿಡೀ ಹಿಡಿಯಬಹುದು, ರೇಟು ಒಳ್ಳೆಯದಿರುವಾಗ ಹೋದರಾಯಿತು. ಅಬ್ರೋಲೋಸ್‌ನಲ್ಲಿ ಸಂಸಾರ ಸಮೇತ ಕೂರುವ ಅಗತ್ಯ ಉಳಿಯಲಿಲ್ಲ.

2020ರ ಕೊನೆಗೆ ಚೀನಾ ಕೊಳ್ಳುವುದನ್ನು ನಿಲ್ಲಿಸಿದಾಗ ಇಡೀ ಬಂದರು ಕಂಗಾಲು. ಜೀವಂತ ಕ್ರೇಗಳಲ್ಲಿ ಬಹುಪಾಲು ಅಲ್ಲಿಗೇ ಹೋಗುತ್ತಿತ್ತು. 2024ರ ಕೊನೆಯವರೆಗೆ ಆ ಬಾಗಿಲು ತೆರೆಯಲಿಲ್ಲ. ಆಗ ದೋಣಿಯವರು ಧಕ್ಕೆಯಲ್ಲೇ ಜನರಿಗೆ ಮಾರಿದ್ದು ಜಾಸ್ತಿಯಾಯಿತು. ಶಿವಮೊಗ್ಗದ ತಮ್ಮ ತಗೊಂಡದ್ದು ಹಾಗೆಯೇ ಇರಬೇಕು.

ಶಿವಮೊಗ್ಗ_ಟು_ಪರ್ತ್:
ಹೌದಣ್ಣ, ಹಾಗೇ. ಮನೆಯಲ್ಲಿ ಕಾಯಿ ಹಾಲು, ಹಸಿ ಮೆಣಸು ಹಾಕಿ ಮಾಡಿದೆವು. ಅಮ್ಮ ಊರಿಂದ ಬಂದಿದ್ದಾಗ ಮುಟ್ಟಲೇ ಇಲ್ಲ, ಸಾರು ಮಾತ್ರ ಎರಡು ಸಲ ಹಾಕಿಸಿಕೊಂಡರು.

ಜೆರಾಲ್ಡ್‌ಟನ್_ಸಿಸ್ಟರ್:
ನಾವು ಬಂಗುಡೆ ಮಸಾಲೆಯನ್ನೇ ಹಾಕುತ್ತೇವೆ. ಆದರೆ ಬ್ಯಾಡಗಿ ಮೆಣಸು ಸ್ವಲ್ಪ ಕಮ್ಮಿ. ಕ್ರೇ ಸಿಹಿ ಮಾಂಸ, ಜಾಸ್ತಿ ಮಸಾಲೆ ಹಾಕಿದರೆ ಸುಮ್ನೆ ದಂಡ.

ಗಂಗೊಳ್ಳಿ_ಬಡಗಿಮನೆ:
ಡೀಸೆಲ್ ಅಣ್ಣ, ಒಂದು ಸಹಾಯ ಬೇಕು. ಅಪ್ಪ ಕಟ್ಟಿದ ಒಂದು ಸಣ್ಣ ನಾಡದೋಣಿ ನಮ್ಮ ಶೆಡ್ಡಿನಲ್ಲಿ ಬಹಳ ವರ್ಷದಿಂದ ಒಣಗಿ ನಿಂತಿದೆ. ಮೊಳೆ ಬಡಿದ ದೋಣಿ, ಹೊಲಿದದ್ದಲ್ಲ. ಹಲಗೆ ನಡುವೆ ಬೆಳಕು ಕಾಣುತ್ತದೆ. ಅಪ್ಪನಿಗೆ ಈಗ ಮಾತು ಸರಿಯಾಗಿ ಬರುವುದಿಲ್ಲ, ಕೇಳುವ ಹಾಗಿಲ್ಲ. ಮತ್ತೆ ನೀರಿಗೆ ಇಳಿಸಬೇಕು ಅಂತ ನನ್ನ ಆಸೆ. ಸಂದಿಗೆಲ್ಲ ಗಟ್ಟಿಯಾಗಿ ಹತ್ತಿ ಬಡಿಯಲೇ?

ಕುಂದಾಪ್ರ_ಡೀಸೆಲ್:
ಬೇಡ! ಒಣಗಿದ ಹಲಗೆಗೆ ಗಟ್ಟಿಯಾಗಿ ಹತ್ತಿ ಬಡಿದರೆ, ನೀರಿಗಿಳಿದ ಮೇಲೆ ಮರ ಉಬ್ಬಿ ಜಾಗ ಸಾಲದೆ ಮೊಳೆ ಕಿತ್ತುಕೊಳ್ಳುತ್ತದೆ. ಪಕ್ಕೆಲುಬೂ ಸೀಳಬಹುದು.

ಮೊದಲು ಒಳಗೆಲ್ಲ ಒದ್ದೆ ಗೋಣಿಚೀಲ ಹಾಸಿ, ದಿನಾ ನೀರು ಹಾಕುತ್ತಾ ಇರಿ. ಉಪ್ಪುನೀರಾದರೆ ಇನ್ನೂ ಒಳ್ಳೆಯದು, ಸಿಹಿನೀರು ನಿಂತರೆ ಮರ ಕೊಳೆಯುತ್ತದೆ. ಅವಸರ ಮಾಡಬೇಡಿ, ಎರಡು ಮೂರು ವಾರವಾದರೂ ಬಿಡಿ. ಎಷ್ಟೋ ಸಂದಿ ತಾನಾಗಿಯೇ ಕೂಡುತ್ತದೆ. ಆಮೇಲೂ ಬೆಳಕು ಕಾಣುವ ಕಡೆ ಮಾತ್ರ ಸಡಿಲವಾಗಿ ಹತ್ತಿ ಹಾಕಿ. ಮೊಳೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಸದ್ದು ಗಟ್ಟಿ ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಅಲ್ಲಿ ಮರ ಹೋಗಿದೆ. ಮಲ್ಪೆಯವರು ಹೇಳಿದ್ದು ಅದನ್ನೇ, ಆ ಮಾತು ಮರೆಯಬೇಡಿ. ಎಲ್ಲಕ್ಕಿಂತ ಕೆಳಗಿನ, ಏರಾಗೆ (ದೋಣಿಯ ತಳದ ಉದ್ದನೆಯ ಮರ) ತಾಗಿದ ಹಲಗೆಯನ್ನು ಮೊದಲು ನೋಡಿ. ಸೋರುವುದು ಹೆಚ್ಚಾಗಿ ಅಲ್ಲೇ.

ಮಲ್ಪೆ_ಮೂರನೇ_ತಲೆಮಾರು:
ಮೊದಲ ದಿನ ಹೊಳೆಯಲ್ಲೇ ಇಳಿಸಿ, ಅಳಿವೆ ದಾಟಬೇಡಿ. ದಡಕ್ಕೆ ಹಗ್ಗ ಕಟ್ಟಿಟ್ಟು ಒಂದು ರಾತ್ರಿ ಬಿಡಿ. ನೀರು ಎಷ್ಟು ತುಂಬಿದೆ ಅಂತ ಬೆಳಿಗ್ಗೆ ನೋಡಿ ಇಲ್ಲಿ ಬರೆಯಿರಿ. ನನ್ನ ಹತ್ತಿರ ಹಳೇ ಹಿತ್ತಾಳೆ ಕೈಪಂಪು ಒಂದಿದೆ. ಗಂಗೊಳ್ಳಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ.